ಪರಪರ ಸದ್ದು ಮತ್ತು ಬೆಕ್ಕಿನ ಆಟಿಕೆ

ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣವನ್ನು ಎಷ್ಟು ಮೆಲ್ಲನೆ ಬಿಚ್ಚಿದರೂ, ಮನೆಯ ಇನ್ನಾವುದೋ ಮೂಲೆಯಲ್ಲಿ ಮಲಗಿದ್ದ ಬೆಕ್ಕು ಕಿವಿ ನಿಮಿರಿಸಿಕೊಂಡು ಎದ್ದು ಬರುವುದನ್ನು ಬೆಕ್ಕು ಸಾಕಿದವರು ಕಂಡಿರುತ್ತಾರೆ. ಅದಕ್ಕೆ ಬೇಕಾದುದು ಬಿಸ್ಕತ್ತಲ್ಲ. ಬರಿಯ ಹೊದಿಕೆಯನ್ನು ನೆಲಕ್ಕೆ ಎಸೆದರೂ ಸಾಕು. ಪಂಜದಿಂದ ಒತ್ತಿ, ಹಲ್ಲಿನಿಂದ ಕಚ್ಚಿ, ಪರಪರ ಸದ್ದು ಹೊರಡಿಸುತ್ತ ಆಡತೊಡಗುತ್ತದೆ.

ನಮ್ಮ ಮನೆಯ ಬೆಕ್ಕಿಗೂ ಈ ಚಪಲವಿದ್ದಿತು. ಅದನ್ನು ಕಂಡು ನಲಿದ ನಾವು ಒಂದು ಸಂಜೆ ಚಾಕೊಲೇಟಿನ ಹೊಳೆಯುವ ಹೊದಿಕೆಯನ್ನು ಮಡಿಚಿ, ಹೂ ಕಟ್ಟುವ ದಾರದಿಂದ ಬಿಗಿದು, ಕುರ್ಚಿಯ ತೋಳಿಗೆ ತೂಗುಹಾಕಿದೆವು. ಲೋಲಕದ ಪಾಠ ಹೇಳುವ ನಮಗೆ ಅದು ಒಳ್ಳೆಯ ಆಟಿಕೆಯಾಗಿಯೇ ತೋರಿತು. ಬೆಳಗಾಗುವಷ್ಟರಲ್ಲಿ ಹೊದಿಕೆಯೂ ಇರಲಿಲ್ಲ, ಮೊಳದುದ್ದದ ದಾರವೂ ಇರಲಿಲ್ಲ. ಮರುದಿನ ಬೆಕ್ಕು ಹಾಲನ್ನೂ ಮುಟ್ಟದೆ, ಪದೇ ಪದೇ ವಾಂತಿ ಮಾಡುತ್ತ, ಮಂಚದ ಕೆಳಗೆ ಮುದುಡಿ ಕುಳಿತಿತು. ಪಶುವೈದ್ಯರು ಅದರ ಬಾಯಿ ತೆರೆಸಿ ನಾಲಗೆಯನ್ನು ಎತ್ತಿ ನೋಡಿದರು. ದಾರದ ಒಂದು ಸುತ್ತು ನಾಲಗೆಯ ಬುಡಕ್ಕೆ ಸಿಕ್ಕಿಕೊಂಡಿದ್ದಿತು. ಉಳಿದ ದಾರವು ಕರುಳಿನಲ್ಲಿದ್ದಿತು. ಶಸ್ತ್ರಚಿಕಿತ್ಸೆಯಾಯಿತು, ಬೆಕ್ಕು ಬದುಕಿತು. ಆದರೆ ತಪ್ಪು ಬೆಕ್ಕಿನದಲ್ಲ, ಆಟಿಕೆ ಮಾಡಿಕೊಟ್ಟ ನಮ್ಮದೇ ಎಂಬ ಅಳಲು ಉಳಿಯಿತು.

ಅಂದಿನಿಂದ ನಮ್ಮನ್ನು ಕಾಡಿದ ಪ್ರಶ್ನೆ ಇದು: ಬೆಕ್ಕು ಬಯಸುವುದು ಪ್ಲಾಸ್ಟಿಕ್ಕನ್ನೋ, ಅದರ ಸದ್ದನ್ನೋ? ಸದ್ದನ್ನೇ ಆಗಿದ್ದರೆ, ಅಪಾಯವನ್ನು ಕಳೆದು ಸದ್ದನ್ನು ಮಾತ್ರ ಕೊಡುವುದು ಸಾಧ್ಯವಿಲ್ಲವೆ?

ಸದ್ದು ಹುಟ್ಟುವ ಬಗೆ

ಮೊದಲು ಪರಪರ ಸದ್ದನ್ನು ಪರೀಕ್ಷಿಸೋಣ. ಕೇಳುವಾಗ ಅದು ಎಡೆಬಿಡದ ಒಂದೇ ಸದ್ದಿನಂತೆ ತೋರುವುದಾದರೂ ನಿಜವಾಗಿ ಹಾಗಿಲ್ಲ. ತೆಳುವಾದರೂ ಪೆಡಸಾದ ಹಾಳೆಯನ್ನು ಮುದುರಿದಾಗ ಅದರ ಮೇಲೆ ಅಸಂಖ್ಯಾತ ಮಡಿಕೆಗಳು ಮೂಡುತ್ತವೆ. ಮಡಿಕೆಗಳ ನಡುವಿನ ಒಂದೊಂದು ಪುಟ್ಟ ತುಂಡೂ ಉಬ್ಬಿ ನಿಲ್ಲಬಲ್ಲುದು, ಇಲ್ಲವೆ ತಗ್ಗಿ ನಿಲ್ಲಬಲ್ಲುದು. ನಡುವಣ ಸ್ಥಿತಿಯಲ್ಲಿ ನಿಲ್ಲಲಾರದು. ತಗಡಿನ ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿದಾಗ ಅದು ಟಕ್ಕೆಂದು ಒಳಕ್ಕೆ ತಗ್ಗುವುದಷ್ಟೆ? ಹಾಳೆಯಲ್ಲಿ ನಡೆಯುವುದೂ ಇದೇ. ಒತ್ತಡವು ಏರುತ್ತಿರುವಷ್ಟು ಕಾಲ ತುಂಡಿನಲ್ಲಿ ಶಕ್ತಿಯು ಸಂಚಯವಾಗುತ್ತದೆ. ಮಿತಿ ಮೀರಿದೊಡನೆ ತುಂಡು ಥಟ್ಟನೆ ಮಗುಚಿಕೊಂಡು ಆ ಶಕ್ತಿಯನ್ನು ಒಂದು 'ಟಿಕ್' ಸದ್ದಾಗಿ ಹೊರಗೆಡಹುತ್ತದೆ.

1996ರಲ್ಲಿ ಅಮೆರಿಕದ ಎರಿಕ್ ಕ್ರೇಮರ್ ಮತ್ತು ಅಲೆಕ್ಸಾಂಡರ್ ಲಾಬ್ಕಾವ್ಸ್ಕಿ ಎಂಬ ಭೌತವಿಜ್ಞಾನಿಗಳು ಮುದುರಿದ ಹಾಳೆಯ ಸದ್ದನ್ನು ದಾಖಲಿಸಿ ಅಳೆದರು. ಅದು ಬಿಡಿಬಿಡಿಯಾದ ಟಿಕ್ಕುಗಳ ಸರಣಿಯೆಂದೂ, ಸಣ್ಣ ಟಿಕ್ಕುಗಳು ಬಹಳ, ದೊಡ್ಡವು ವಿರಳ ಎಂದೂ ಕಂಡುಬಂದಿತು. ಭೂಕಂಪಗಳಲ್ಲಿಯೂ ಇಂತಹುದೇ ನಿಯಮವಿದೆ. ಪೊಟ್ಟಣವನ್ನು ನಿಧಾನವಾಗಿ ಬಿಚ್ಚಿದರೆ ಟಿಕ್ಕುಗಳ ನಡುವಿನ ಅಂತರ ಹೆಚ್ಚುವುದೇ ಹೊರತು ಒಂದೊಂದು ಟಿಕ್ಕಿನ ಜೋರು ಕುಗ್ಗದು. ನಾಟಕಶಾಲೆಯಲ್ಲಿ ಕದ್ದು ಮಿಠಾಯಿ ತಿನ್ನುವವರು ನಿಧಾನ ಮಾಡಿದಷ್ಟೂ ಸಿಕ್ಕಿಬೀಳುವುದು ಇದರಿಂದಲೇ!

ಇದರಿಂದ ನಮಗೆ ದೊರೆಯುವ ಮೊದಲ ತಿಳಿವಳಿಕೆ: ಸದ್ದಿಗೆ ಬೇಕಾದುದು ಹಾಳೆಯ ಪೆಡಸುತನವೇ ಹೊರತು ಪ್ಲಾಸ್ಟಿಕ್ಕೇ ಅಲ್ಲ. ಒಣಗಿದ ಬಾಳೆಯೆಲೆ ಸದ್ದು ಮಾಡುತ್ತದೆ. ಹಸಿ ಎಲೆ ಮಾಡದು. ಗರಿಗರಿಯಾದ ಕಂದು ಕಾಗದ ಸದ್ದು ಮಾಡುತ್ತದೆ, ನೆನೆದರೆ ಮೂಕವಾಗುತ್ತದೆ.

ಬೆಕ್ಕಿಗೆ ಕೇಳುವ ಲೋಕ

ಅತಿ ಕ್ಷಣಿಕವಾದ ಸದ್ದಿನಲ್ಲಿ ಮಂದ್ರದಿಂದ ತಾರಕ್ಕೆ, ತಾರದಿಂದಲೂ ಆಚೆಗೆ, ಬಹು ವಿಸ್ತಾರವಾದ ಕಂಪನಗಳು ಬೆರೆತಿರುತ್ತವೆ. ಸದ್ದಿನ ಅವಧಿಯು ಕಿರಿದಾದಷ್ಟೂ ಈ ವಿಸ್ತಾರ ಹಿರಿದು. ಮನುಷ್ಯನಿಗೆ ಸೆಕೆಂಡಿಗೆ ಸುಮಾರು 20ರಿಂದ 20,000ದವರೆಗಿನ ಕಂಪನಗಳು ಕೇಳಿಸುತ್ತವೆ. ಬೆಕ್ಕಿನ ಶ್ರವಣವನ್ನು ಪರೀಕ್ಷಿಸಿದ ಹೆಫ್ನರ್ ದಂಪತಿಗಳು 1985ರಲ್ಲಿ ಪ್ರಕಟಿಸಿದಂತೆ, ಸಾಕಷ್ಟು ಜೋರಾದ ಸದ್ದಾದರೆ ಬೆಕ್ಕು 48ರಿಂದ 85,000ದವರೆಗಿನ ಕಂಪನಗಳನ್ನು ಕೇಳಬಲ್ಲುದು. ನಮ್ಮ ಮೇಲ್ಮಿತಿಯ ನಾಲ್ಕು ಪಟ್ಟಿಗೂ ಮಿಗಿಲು!

ಪ್ರಕೃತಿಯು ಇಂತಹ ಕಿವಿಯನ್ನು ಬೆಕ್ಕಿಗೆ ಏಕೆ ಕೊಟ್ಟಿತು? ಇಲಿಗಳು ತಮ್ಮತಮ್ಮಲ್ಲಿ ನಡೆಸುವ ಮಾತುಕತೆ ಬಹುಮಟ್ಟಿಗೆ ನಮಗೆ ಕೇಳಿಸದ ಶ್ರವಣಾತೀತ ಧ್ವನಿಯಲ್ಲಿದೆ. ತರಗೆಲೆಗಳ ನಡುವೆ ಇಲಿಯು ಹೆಜ್ಜೆಯಿಟ್ಟರೆ ಏಳುವುದೂ ಟಿಕ್ಕುಗಳ ಸರಣಿಯೇ. ಸೆಕೆಂಡಿಗೆ 40,000 ಕಂಪನಗಳುಳ್ಳ ಧ್ವನಿಯ ಅಲೆಯುದ್ದವು ಗಾಳಿಯಲ್ಲಿ ಸುಮಾರು 8.5 ಮಿಲಿಮೀಟರ್ ಮಾತ್ರ. ಅದು ಬೆಕ್ಕಿನ ಕಿವಿಗಿಂತ ಕಿರಿದು. ಇಂತಹ ಅಲೆಗೆ ಕಿವಿಯು ಸ್ಪಷ್ಟವಾದ ನೆರಳನ್ನು ಬೀಳಿಸುವುದರಿಂದ ಸದ್ದು ಬಂದ ದಿಕ್ಕನ್ನು ನಿಖರವಾಗಿ ಗುರುತಿಸಬಹುದು. ಬಿಸ್ಕತ್ತಿನ ಹೊದಿಕೆಯು ನಮಗೆ ಕಸ. ಬೆಕ್ಕಿನ ಕಿವಿಗೆ ಅದು ತರಗೆಲೆಯಲ್ಲಿ ಸುಳಿದಾಡುವ ಬೇಟೆಯಂತೆ ಕೇಳುತ್ತದೆ ಎಂದರೆ ತಪ್ಪಾಗದು.

ಹಲ್ಲು, ನಾಲಗೆ, ಕರುಳು

ಬೇಟೆಯಾದ ಮೇಲೆ ಕಚ್ಚಲೇಬೇಕಷ್ಟೆ? ತೊಡಕು ಆರಂಭವಾಗುವುದು ಇಲ್ಲಿಯೇ. ಬೆಳೆದ ಬೆಕ್ಕಿಗೆ 30 ಹಲ್ಲುಗಳಿವೆ. ಅದರ ದವಡೆಯು ಹಸುವಿನ ದವಡೆಯಂತೆ ಅಡ್ಡಡ್ಡಲಾಗಿ ಆಡುವುದಿಲ್ಲ. ಪಕ್ಕದ ಹಲ್ಲುಗಳು ಕತ್ತರಿಯ ಅಲಗುಗಳಂತೆ ಒಂದರ ಪಕ್ಕದಲ್ಲಿ ಒಂದು ಜಾರುತ್ತವೆ. ಆದುದರಿಂದ ಬೆಕ್ಕು ಪ್ಲಾಸ್ಟಿಕ್ ಹಾಳೆಯನ್ನು ಅರೆಯುವುದಿಲ್ಲ, ಪಟ್ಟಿಪಟ್ಟಿಯಾಗಿ ಕತ್ತರಿಸುತ್ತದೆ.

ನಾಲಗೆಯ ಮೇಲೆ ಹಿಂದಕ್ಕೆ ಬಾಗಿದ ಗಡುಸಾದ ಮುಳ್ಳುಗಳಿವೆ. ಈ ಮುಳ್ಳುಗಳ ತುದಿಯಲ್ಲಿ ಪುಟ್ಟ ದೋಣಿಯಂತಹ ಕುಳಿಯಿದ್ದು, ಅವು ಎಂಜಲನ್ನು ಹೀರಿ ತುಪ್ಪುಳಿನ ಬುಡದವರೆಗೆ ಒಯ್ಯುತ್ತವೆಂದು ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು ಎಂಬವರು 2018ರಲ್ಲಿ ತೋರಿಸಿದರು. ಮೈ ನೆಕ್ಕಿಕೊಳ್ಳಲು ಇಷ್ಟು ಉಪಯುಕ್ತವಾದ ಈ ಏರ್ಪಾಡೇ ದಾರದ ವಿಷಯದಲ್ಲಿ ಮುಳುವಾಗುತ್ತದೆ. ಮುಳ್ಳುಗಳಿಗೆ ಸಿಕ್ಕಿದ ದಾರವನ್ನು ಉಗುಳುವುದು ಕಷ್ಟ, ನುಂಗುವುದು ಸುಲಭ.

ನುಂಗಿದ ದಾರದ ಒಂದು ತುದಿಯು ನಾಲಗೆಯ ಬುಡದಲ್ಲಾಗಲಿ, ಜಠರದ ಬಾಗಿಲಲ್ಲಾಗಲಿ ಸಿಕ್ಕಿಕೊಂಡಿತೆನ್ನೋಣ. ಕರುಳು ಅಲೆಯಲೆಯಾಗಿ ಹಿಂಡಿ ದಾರವನ್ನು ಮುಂದಕ್ಕೆ ತಳ್ಳಲು ಯತ್ನಿಸುತ್ತದೆ. ದಾರ ಸರಿಯದು, ಬದಲಾಗಿ ಕರುಳೇ ದಾರದ ಮೇಲೆ ಏರುತ್ತದೆ. ಪಾಯಿಜಾಮದ ಲಾಡಿಯನ್ನು ಎಳೆದಾಗ ಬಟ್ಟೆಯು ನಿರಿಗೆಗಟ್ಟುವಂತೆ ಕರುಳು ನಿರಿಗೆಗಟ್ಟುತ್ತದೆ. ಒಂದೊಂದು ತಿರುವಿನಲ್ಲಿಯೂ ಬಿಗಿದ ದಾರವು ಕರುಳಿನ ಒಳಗೋಡೆಯನ್ನು ಒತ್ತುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದುದು. ದಾರವು ಸಣ್ಣದಾದಷ್ಟೂ ವಿಸ್ತೀರ್ಣ ಕಡಿಮೆ, ಒತ್ತಡ ಹೆಚ್ಚು. ಸಾಬೂನಿನ ಗಟ್ಟಿಯನ್ನು ನೂಲಿನಿಂದ ಕೊಯ್ಯಬಹುದೆಂಬುದನ್ನು ನೆನೆದರೆ, ಕರುಳಿಗೆ ಏನಾಗಬಲ್ಲುದೆಂದು ಹೇಳಬೇಕಾಗಿಲ್ಲ. ಬೆಕ್ಕಿನ ಬಾಯಲ್ಲಾಗಲಿ ಗುದದಲ್ಲಾಗಲಿ ದಾರದ ತುದಿ ಕಂಡರೆ ಅದನ್ನು ಎಂದಿಗೂ ಎಳೆಯಕೂಡದು. ಎಳೆದರೆ ನಾವೇ ಗರಗಸವಾಡಿಸಿದಂತೆ. ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು.

ಒಂದು ಸಣ್ಣ ಪ್ರಯೋಗ

ಓದುಗರು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಕಂದು ಕಾಗದ, ಪ್ಲಾಸ್ಟಿಕ್ ಚೀಲ, ಬಿಸ್ಕತ್ತಿನ ಹೊದಿಕೆ ಇವುಗಳ ಒಂದೊಂದು ಪಟ್ಟಿಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಎಳೆದು ನೋಡಿ. ಕಾಗದವು ಹೆಚ್ಚು ಬಲವಿಲ್ಲದೆ ಹರಿದುಬರುತ್ತದೆ. ಅದರ ನಾರುಗಳನ್ನು ಒಂದಕ್ಕೊಂದು ಹಿಡಿದಿರುವ ಜಲಜನಕ ಬಂಧಗಳು ನೀರಿನಿಂದ ಸಡಿಲಗೊಳ್ಳುವುದೇ ಇದಕ್ಕೆ ಕಾರಣ. ಉಳಿದೆರಡೂ ನಿನ್ನೆಯಷ್ಟೇ ಗಟ್ಟಿಯಾಗಿರುತ್ತವೆ. ಬೆಕ್ಕಿನ ಹೊಟ್ಟೆಯಲ್ಲಿಯೂ ಹಾಗೆಯೇ ಇರುತ್ತವೆ.

ಇವುಗಳ ಸದ್ದನ್ನು ಮೊಬೈಲ್ ಫೋನಿನಲ್ಲಿ ದಾಖಲಿಸಿ ಅಲೆಯ ಚಿತ್ರವನ್ನು ನೋಡಿದರೆ ಬಿಡಿಬಿಡಿ ಟಿಕ್ಕುಗಳು ಕಾಣುತ್ತವೆ. ಆದರೆ ಸೆಕೆಂಡಿಗೆ 44,100 ಮಾದರಿಗಳನ್ನು ಹಿಡಿಯುವ ದಾಖಲೆಯಲ್ಲಿ 22,050 ಕಂಪನಗಳಾಚೆಗಿನ ಧ್ವನಿಗೆ ಸ್ಥಳವಿಲ್ಲ. ಬೆಕ್ಕು ಕೇಳುವುದರ ಬಹುಭಾಗವನ್ನು ನಮ್ಮ ಯಂತ್ರವೂ ಕೇಳದು!

ಎಂತಹ ಆಟಿಕೆ ಕೊಡಬೇಕು?

ಈಗ ನಮ್ಮ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ. ಸದ್ದು ಹೊರಗೆ ಬರಬೇಕು. ಹಾಳೆ ಹೊರಗೆ ಬರಕೂಡದು. ಪೆಡಸಾದ ಹಾಳೆಯನ್ನು ಒತ್ತಾಗಿ ನೇಯ್ದ ಬಟ್ಟೆಯ ಎರಡು ಪದರಗಳ ನಡುವೆ ಇಟ್ಟು, ಅಂಚನ್ನು ಎರಡು ಸಲ ಬಿಗಿಯಾಗಿ ಹೊಲಿದರೆ ಇದು ಸಾಧ್ಯ. ಬಟ್ಟೆಯು ಸದ್ದನ್ನು ಕೊಂಚ ತಗ್ಗಿಸಿದರೂ ಬೆಕ್ಕಿನ ಕಿವಿಗೆ ಅದು ಕೊರತೆಯಲ್ಲ. ಆಟಿಕೆಯು ಬೆಕ್ಕಿನ ಬಾಯಿಗಿಂತ ಸಾಕಷ್ಟು ದೊಡ್ಡದಾಗಿರಲಿ. ಗುಂಡಿ, ಗೆಜ್ಜೆ, ರಿಬ್ಬನ್, ಅಂಟಿಸಿದ ಕಣ್ಣುಗಳು ಬೇಡ. ಅಂಗಡಿಯಲ್ಲಿ ಕೊಳ್ಳುವಾಗಲೂ ಹೊಲಿಗೆಯನ್ನು ಎಳೆದು ಪರೀಕ್ಷಿಸಬೇಕು. ಹೊಲಿಗೆ ಬಿಟ್ಟ ದಿನವೇ ಎಸೆದುಬಿಡಬೇಕು.

ಇನ್ನೂ ಸುಲಭವಾದುದು, ಅಚ್ಚಿಲ್ಲದ ಕಂದು ಕಾಗದದ ಉಂಡೆ. ಪಿನ್ನು, ಅಂಟುಪಟ್ಟಿ, ದಾರ ಇರಕೂಡದು. ತೊಯ್ದು ಹರಿಯತೊಡಗಿದರೆ ಹೊಸದು ಮಾಡಿಕೊಟ್ಟರಾಯಿತು. ಕಾಗದದ ಚೀಲವನ್ನು ಕೊಡುವುದಾದರೆ ಕೊರಳಿಗೆ ಸಿಕ್ಕಿಕೊಳ್ಳದಂತೆ ಅದರ ಹಿಡಿಗಳನ್ನು ಕತ್ತರಿಸಿರಬೇಕು. ಪ್ಲಾಸ್ಟಿಕ್ ಚೀಲವಂತೂ ಉಸಿರು ಕಟ್ಟಿಸಬಲ್ಲುದಾದುದರಿಂದ ಕೂಡದು. ಕೋಲಿಗೆ ದಾರ ಕಟ್ಟಿದ ಆಟಿಕೆಯನ್ನು ನಾವು ಕೈಯಲ್ಲಿ ಹಿಡಿದು ಆಡಿಸುವಷ್ಟು ಹೊತ್ತು ಮಾತ್ರ ಹೊರಗಿಟ್ಟು, ಅನಂತರ ಕಪಾಟಿನೊಳಗೆ ಇಡಬೇಕು.

ಎರಡು ಎಚ್ಚರಿಕೆಗಳನ್ನು ಮರೆಯುವಂತಿಲ್ಲ. ಕೆಲವು ಬೆಕ್ಕುಗಳು ಕಚ್ಚುವುದಷ್ಟೇ ಅಲ್ಲದೆ ಬಟ್ಟೆ, ಉಣ್ಣೆ, ಕಾಗದಗಳನ್ನು ನುಂಗುವ ಗೀಳಿಗೆ ಒಳಗಾಗುತ್ತವೆ. ಸಯಾಮಿ, ಬರ್ಮೀಸ್ ತಳಿಗಳಲ್ಲಿ ಇದು ಚಿರಪರಿಚಿತ. ಇಂತಹ ಬೆಕ್ಕಿಗೆ ಬಟ್ಟೆಯ ಆಟಿಕೆಯೂ ಸುರಕ್ಷಿತವಲ್ಲ. ವೈದ್ಯರ ಸಲಹೆ ಬೇಕು. ಎರಡನೆಯದು ಮುದಿ ಬೆಕ್ಕುಗಳ ವಿಷಯ. ಬ್ರಿಟನ್ನಿನ ಪಶುವೈದ್ಯರು 96 ಬೆಕ್ಕುಗಳನ್ನು ಕುರಿತು 2015ರಲ್ಲಿ ವರದಿ ಮಾಡಿದಂತೆ, ಕೆಲವು ವಯಸ್ಸಾದ ಬೆಕ್ಕುಗಳಿಗೆ ತಗಡುಹಾಳೆಯ ಪರಪರ, ಪಿಂಗಾಣಿಗೆ ಚಮಚ ತಗುಲಿದ ಟಣತ್ಕಾರ ಮುಂತಾದ ತೀಕ್ಷ್ಣ ಸದ್ದುಗಳಿಂದಲೇ ಸೆಳವು ಬರುವುದುಂಟು. ಸದ್ದಿಗೆ ಬೆಕ್ಕು ಬೆಚ್ಚಿ ನಡುಗಿದರೆ ಅದನ್ನು ಆಟವೆಂದು ಬಗೆದು ನಗಬಾರದು.

ನಮ್ಮ ಬೆಕ್ಕು ಈಗ ಗುಣವಾಗಿದೆ. ಹೊಟ್ಟೆಯ ಮೇಲೆ ಕತ್ತರಿಸಿದ್ದ ತುಪ್ಪುಳು ಮತ್ತೆ ಬೆಳೆದಿದೆ. ಈ ಸಾಲುಗಳನ್ನು ಬರೆಯುತ್ತಿರುವಾಗ ನಾವು ತಪ್ಪಾಗಿ ಬರೆದು ಮುದುರಿ ಎಸೆದ ಹಾಳೆಯೊಂದನ್ನು ಅದು ಮೇಜಿನ ಕೆಳಗೆ ಬೇಟೆಯಾಡುತ್ತಿದೆ. ಆಟ ಮುಗಿದ ಮೇಲೆ ತುಂಡುಗಳನ್ನು ಎಣಿಸಿ ಎತ್ತಿಡುವುದು ನಮ್ಮ ಪಾಲಿನ ಕೆಲಸ.