ತೊಟ್ಟಿಯೊಳಗಿನ ವಿಷ: ಕಡಲಿಲ್ಲದ ಊರಿನಲ್ಲಿ ಹವಳದ ಅಕ್ವೇರಿಯಂ

ಮಗ್ಗಾರೆಕಾಯಿಯನ್ನು ಜಜ್ಜಿ ಮಡುವಿಗೆ ಹಾಕಿದರೆ ಮೀನುಗಳು ಅಮಲೇರಿದಂತೆ ತೇಲುತ್ತವೆ ಎಂಬುದು ನಮ್ಮ ಹಳ್ಳಿಗಾಡಿನವರಿಗೆ ಹೊಸ ವಿಷಯವೇನಲ್ಲ. ಹಾಗೆ ಹಿಡಿದ ಮೀನನ್ನು ಬೇಯಿಸಿ ತಿಂದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕಾಯಿಯಲ್ಲಿರುವ ಸಪೋನಿನ್ ಎಂಬ ರಾಸಾಯನಿಕ ನಮ್ಮ ಕರುಳಿನಿಂದ ರಕ್ತಕ್ಕೆ ಇಳಿಯುವುದು ತೀರಾ ಕಡಿಮೆ. ಮೀನಿಗಾದರೆ ನೇರವಾಗಿ ಕಿವಿರಿಗೇ ತಗಲುತ್ತದೆ. ಅಂಟುವಾಳದ ಕಾಯಿ ನೊರೆ ಬಿಡುವುದೂ ಇದೇ ಸಪೋನಿನ್‌ನಿಂದ.

ಇದೇ ಜಾತಿಯ ವಿಷವನ್ನು ಸಮುದ್ರ ಸೌತೆ ಎಂಬ ಪ್ರಾಣಿ ತನ್ನ ಮೈಯಲ್ಲೇ ಇಟ್ಟುಕೊಂಡಿದೆ. ಹೆಸರು ಹೊಲೊಥುರಿನ್. ಜೀವಕೋಶದ ಪೊರೆಯಲ್ಲಿರುವ ಕೊಲೆಸ್ಟರಾಲ್‌ಗೆ ಅಂಟಿಕೊಂಡು ಅದು ಪೊರೆಯನ್ನೇ ತೂತು ಮಾಡುತ್ತದೆ. ಸಮುದ್ರ ಸೌತೆಯ ಪೊರೆಗಳಲ್ಲಿ ಕೊಲೆಸ್ಟರಾಲ್ ಬದಲು ಬೇರೆ ಬಗೆಯ ಸ್ಟೆರಾಲ್‌ಗಳೇ ಹೆಚ್ಚು. ಹಾಗಾಗಿ ತನ್ನ ವಿಷ ತನಗೇ ತಾಗದು.

ಮರಳನ್ನು ಚೊಕ್ಕ ಮಾಡುತ್ತದೆಂದು ಹವಳದ ಅಕ್ವೇರಿಯಂ ಇಟ್ಟುಕೊಂಡವರು ಈ ಪ್ರಾಣಿಯನ್ನು ತಂದು ಬಿಡುವುದುಂಟು. ಅದು ತೆವಳುತ್ತ ಹೋಗಿ ಪಂಪಿನ ಬಾಯಿಗೆ ಸಿಕ್ಕಿ ಹರಿದರೆ ಆಯಿತು, ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗುತ್ತವೆ, ಆಮೇಲೆ ಒಂದೊಂದೇ ಮಗ್ಗುಲಾಗುತ್ತವೆ. ಕೆಲವೇ ಗಂಟೆಗಳಲ್ಲಿ ತೊಟ್ಟಿಯ ಮೀನೆಲ್ಲ ಸಾಯಬಹುದು. ಕಡಲಿನಲ್ಲಾದರೆ ಅಷ್ಟು ವಿಷ ಅಲೆಗಳಲ್ಲಿ ಚದುರಿ ಹೋಗುತ್ತಿತ್ತು. ಇನ್ನೂರು ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ.

ಆದ್ದರಿಂದ ಇಲ್ಲಿ ಚಿಕಿತ್ಸೆಯೆಂದರೆ ವಿಷವನ್ನು ಹೊರಹಾಕುವುದು. ಮೊದಲು ಪಂಪ್ ನಿಲ್ಲಿಸಿ, ಸತ್ತ ಪ್ರಾಣಿಯನ್ನೂ ಅದರ ಚೂರುಗಳನ್ನೂ ತೆಗೆಯಬೇಕು. ಮೀನುಗಳನ್ನು ಬೇರೆ ಉಪ್ಪುನೀರಿಗೆ ಬಿಟ್ಟು ಏರ್ ಪಂಪ್ ಹಾಕಬೇಕು. ತೊಟ್ಟಿಯ ಅರ್ಧ ನೀರು ಚೆಲ್ಲಿ ಹೊಸದು ತುಂಬಿದರೆ ವಿಷ ಅರ್ಧವಾಗುತ್ತದೆ, ಇನ್ನೊಮ್ಮೆ ಮಾಡಿದರೆ ಕಾಲು ಭಾಗ, ಮೂರನೆಯ ಸಲಕ್ಕೆ ಎಂಟನೇ ಒಂದು. ಉಳಿದದ್ದನ್ನು ಹೀರಲು ಫಿಲ್ಟರಿನಲ್ಲಿ ಹೊಸ ಆಕ್ಟಿವೇಟೆಡ್ ಕಾರ್ಬನ್, ಅಂದರೆ ವಿಶೇಷವಾಗಿ ಸಿದ್ಧಪಡಿಸಿದ ಇದ್ದಿಲು, ಹಾಕಬೇಕು.

ಕಷ್ಟವಿರುವುದು ಹೊಸ ಉಪ್ಪುನೀರು ಹೊಂದಿಸುವುದರಲ್ಲೇ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನಿಂದ ಪೂರ್ವ, ಪಶ್ಚಿಮದ ಎರಡೂ ಕಡಲು ಇನ್ನೂರು ಕಿಲೋಮೀಟರಿಗಿಂತ ದೂರ. ಈ ಜಿಲ್ಲೆಯ ಬೋರ್‌ವೆಲ್ ನೀರು ಗಡಸು, ಹಲವೆಡೆ ಫ್ಲೋರೈಡ್ ಬೇರೆ. ಅದು ಈ ಕೆಲಸಕ್ಕೆ ಬಾರದು. ಆರ್.ಒ. ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಕಡಲ ಅಕ್ವೇರಿಯಂಗೆಂದೇ ತಯಾರಿಸಿದ ಉಪ್ಪು ಬೆರೆಸಬೇಕು. ನೂರು ಲೀಟರಿಗೆ ಮೂರೂವರೆ ಕಿಲೋ ಆಯಿತು. ಅಡುಗೆ ಉಪ್ಪು ನಡೆಯದು, ಕಡಲ ನೀರಿನ ಮೆಗ್ನೀಸಿಯಂ, ಕ್ಯಾಲ್ಸಿಯಂ ಅದರಲ್ಲಿಲ್ಲ. ಉಪ್ಪು ಪೂರ್ತಿ ಕರಗಿ ನೀರು ಹದಕ್ಕೆ ಬರಲು ಹಲವು ಗಂಟೆ ಬೇಕು. ಮೀನು ಒದ್ದಾಡುವಾಗ ಉಪ್ಪು ಅಳೆಯುತ್ತ ಕೂರುವಂತಿಲ್ಲ. ಒಂದು ಡ್ರಮ್ ಉಪ್ಪುನೀರು, ಒಂದು ಪೊಟ್ಟಣ ಕಾರ್ಬನ್ ಮನೆಯಲ್ಲಿ ಸದಾ ಇರಲೇಬೇಕು.

ತೊಟ್ಟಿಯಲ್ಲಿ ಸಮುದ್ರ ಸೌತೆ ಇಲ್ಲದಿದ್ದರೂ ಅಪಾಯ ತಪ್ಪದು. ಕಲ್ಲಿನ ಸಂದಿಯಲ್ಲಿ ಅನಿಮೋನ್ ಎಂಬ ಕಡಲಜೀವಿಯೊಂದು ಸತ್ತು ಕೊಳೆತರೆ ಅಮೋನಿಯಾ ಏರುತ್ತದೆ. ಪಿ.ಎಚ್. ಹೆಚ್ಚಿದಷ್ಟೂ, ನೀರು ಬೆಚ್ಚಗಾದಷ್ಟೂ ಅಮೋನಿಯಾದ ವಿಷಕಾರಿ ರೂಪದ ಪಾಲು ಹೆಚ್ಚುತ್ತದೆ. ಕಡಲ ನೀರಿನ ಪಿ.ಎಚ್. ಎಂಟರ ಮೇಲೆ; ಚಳ್ಳಕೆರೆಯ ಏಪ್ರಿಲ್ ಬಿಸಿಲು ಕೇಳುವುದೇ ಬೇಡ. ಕರೆಂಟ್ ಹೋಗಿ ಪಂಪ್ ನಿಂತರೆ ಆಮ್ಲಜನಕವೂ ಕುಸಿಯುತ್ತದೆ.

ಇನ್ನು ಮನುಷ್ಯರ ವಿಚಾರ. ಬಟನ್ ಪಾಲಿಪ್ ಎಂದು ಮಾರುವ ಜೊಅಂಥಿಡ್ ಜೀವಿಗಳು ಅಂಗಿಗುಂಡಿಯಷ್ಟು ಅಗಲದ ಬಣ್ಣಬಣ್ಣದ ಬಿಲ್ಲೆಗಳಂತೆ ಕಲ್ಲಿಗೆ ಅಂಟಿಕೊಂಡಿರುತ್ತವೆ. ಇವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. 1971ರಲ್ಲಿ ಮೂರ್ ಮತ್ತು ಶೂಯರ್ ಎಂಬ ವಿಜ್ಞಾನಿಗಳು ಹವಾಯಿಯ ಜೀವಿಯೊಂದರಿಂದ ಇದನ್ನು ಬೇರ್ಪಡಿಸಿದರು. ನಮ್ಮ ಪ್ರತಿ ಜೀವಕೋಶದಲ್ಲೂ ಸೋಡಿಯಂ ಹೊರದಬ್ಬಿ ಪೊಟ್ಯಾಸಿಯಂ ಒಳಗೆಳೆಯುವ ಪಂಪುಗಳಿವೆ. ಪಾಲಿಟಾಕ್ಸಿನ್ ಆ ಪಂಪನ್ನು ಬರಿಯ ತೂತಾಗಿಸುತ್ತದೆ. ಸ್ನಾಯು ನೋವು, ಜ್ವರ, ಕೆಮ್ಮು, ಉಸಿರಾಟದ ತೊಂದರೆ ಇದರ ಲಕ್ಷಣಗಳು. ಪ್ರತಿವಿಷ ಇಲ್ಲ, ಆಸ್ಪತ್ರೆಯಲ್ಲಿ ಉಸಿರಾಟ, ಹೃದಯ ನೋಡಿಕೊಳ್ಳುವುದಷ್ಟೇ ದಾರಿ.

2018ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಸ್ಟೀವೆಂಟನ್ ಹಳ್ಳಿಯಲ್ಲಿ ಒಬ್ಬರು ಮನೆಯ ಅಕ್ವೇರಿಯಂ ತೊಳೆಯುವಾಗ ಈ ವಿಷ ಗಾಳಿಗೆ ಸೇರಿತು. ಮನೆಯವರಷ್ಟೇ ಅಲ್ಲ, ನೆರವಿಗೆ ಬಂದ ಅಗ್ನಿಶಾಮಕ ಸಿಬ್ಬಂದಿಯೂ ಆಸ್ಪತ್ರೆ ಸೇರಬೇಕಾಯಿತು. ಇಂಥ ಪಾಲಿಪ್ ಅಂಟಿದ ಕಲ್ಲನ್ನು ಕುದಿಸುವುದು, ಬಿಸಿನೀರು ಸುರಿಯುವುದು, ಒಣಗಿದ ಮೇಲೆ ಉಜ್ಜುವುದು ಬೇಡವೇ ಬೇಡ. ಕುದಿಸಿದರೆ ವಿಷ ಸಾಯುವುದಿಲ್ಲ, ಹಬೆಯ ಜೊತೆ ಮನೆ ತುಂಬುತ್ತದೆ. ಕಲ್ಲು ಮುಟ್ಟುವಾಗ ಕೈಗವಸು, ಕಣ್ಣಿಗೆ ಕನ್ನಡಕ ಇರಲಿ. ಕೈಯಲ್ಲಿ ಗಾಯವಿದ್ದರೆ ಆ ಕೆಲಸ ಬೇರೆಯವರಿಗೆ ಬಿಡಿ.

ಇನ್ನು ಸಮುದ್ರ ಸೌತೆಯ ವಿಷಯದಲ್ಲಿ ಕಾನೂನು ಸರಳ. 2001ರಲ್ಲೇ ಸಮುದ್ರ ಸೌತೆಗಳನ್ನೂ ದಿಬ್ಬ ಕಟ್ಟುವ ಕಲ್ಲುಹವಳಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ನಮ್ಮ ಕಡಲಿನಿಂದ ಅವನ್ನು ಹಿಡಿಯುವುದು, ಮಾರುವುದು ಅಪರಾಧ. ಉಪ್ಪುನೀರಿನ ಮೀನು ಸಾಕುವ ಆಸೆಯಿದ್ದವರಿಗೆ ತೊಟ್ಟಿಯಲ್ಲೇ ಮರಿಮಾಡಿಸಿದ ಕ್ಲೌನ್ ಮೀನುಗಳಿವೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅದರ ವಿಧಾನವನ್ನು ರೂಪಿಸಿಕೊಟ್ಟಿದೆ.

ಈಗಾಗಲೇ ಪಾಲಿಪ್ ಕಲ್ಲು ಮನೆಗೆ ಬಂದಿದ್ದರೆ, ಒಂದು ಚೀಟಿಯಲ್ಲಿ ‘ಪಾಲಿಟಾಕ್ಸಿನ್’ ಎಂದು ಬರೆದು ತೊಟ್ಟಿಯ ಸ್ಟ್ಯಾಂಡಿಗೆ ಅಂಟಿಸಿಡಿ. ಕಡಲೇ ಕಾಣದ ಊರಿನ ವೈದ್ಯರಿಗೆ, ಕೆಮ್ಮು ಜ್ವರವೆಂದು ಬಂದ ರೋಗಿಯ ಹಿಂದೆ ಹವಳದ ಕಲ್ಲಿದೆ ಎಂದು ಹೊಳೆಯುವುದು ಕಷ್ಟ; ಅದನ್ನು ನೀವೇ ಹೇಳಬೇಕು.