ನಿಮಗಿದು ಗೊತ್ತೇ? ಭಾರತಕ್ಕೆ ಗೋಲು ಹೊಡೆಯುವವರು ಬೇಕಾಗಿದ್ದಾರೆ

ಭಾರತದ ಫುಟ್‌ಬಾಲ್ ತಂಡ ನಮ್ಮ ಸಂಡೂರು ತಾಲ್ಲೂಕಿಗೇ ಬಂದು ಬೀಡುಬಿಟ್ಟಿತ್ತು, ಗೊತ್ತೇ? 2022ರ ಏಪ್ರಿಲ್ ಕೊನೆಯ ವಾರ. ಹೊಸಪೇಟೆಯಿಂದ ಬಳ್ಳಾರಿ ಕಡೆಗೆ ಹೋಗುವವರು ದಿನವೂ ಕಾಣುವ ತೋರಣಗಲ್ಲಿನ ಚಿಮಣಿಗಳ ಆಸುಪಾಸಿನಲ್ಲೇ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಏಷ್ಯಾ ಕಪ್ ಅರ್ಹತಾ ಸುತ್ತಿಗೆ ಮುನ್ನ ಕೋಚ್ ಇಗೊರ್ ಸ್ಟಿಮಾಚ್ ಶಿಬಿರ ನಡೆಸಿದ್ದು ಅಲ್ಲೇ. ಆ ತಿಂಗಳಲ್ಲಿ ನಮ್ಮ ಸೀಮೆಯ ಬಿಸಿಲು ಎಂಥದ್ದೆಂದು ಕಂಪ್ಲಿ, ಸಂಡೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಶಿಬಿರಕ್ಕೆ ಎಲ್ಲರೂ ಬಂದಿರಲಿಲ್ಲ. ಮೋಹನ್ ಬಾಗಾನ್ ಕ್ಲಬ್‌ನ ಆಟಗಾರರಿಗೆ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಪಂದ್ಯಗಳಿದ್ದವು. ಕ್ಲಬ್ಬಿಗೆ ಮೊದಲೋ ದೇಶಕ್ಕೆ ಮೊದಲೋ ಎಂಬ ಈ ಎಳೆದಾಟ ಇವತ್ತಿಗೂ ಮುಗಿದಿಲ್ಲ. ಹೊಸ ಕೋಚ್ ಖಾಲಿದ್ ಜಮೀಲ್ 2025ರ ಆಗಸ್ಟ್‌ನಲ್ಲಿ ಮೊದಲ ಶಿಬಿರ ಕರೆದಾಗಲೂ ಅದೇ ಕ್ಲಬ್ ತನ್ನ ಆಟಗಾರರನ್ನು ಬಿಟ್ಟುಕೊಡಲಿಲ್ಲ.

ತೋರಣಗಲ್ಲಿನ ಬೆವರು ಫಲ ಕೊಟ್ಟಿತೇ? ಕೊಟ್ಟಿತು. 2022ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕಾಂಬೋಡಿಯಾವನ್ನು 2–0, ಅಫ್ಗಾನಿಸ್ತಾನವನ್ನು 2–1, ಹಾಂಗ್‌ಕಾಂಗ್ ತಂಡವನ್ನು 4–0ಯಿಂದ ಸೋಲಿಸಿ ಭಾರತ ಏಷ್ಯಾ ಕಪ್‌ಗೆ ಹೋಯಿತು. ಆದರೆ ಆ ಎಂಟು ಗೋಲುಗಳಲ್ಲಿ ನಾಲ್ಕು ಒಬ್ಬರವೇ: ಬೆಂಗಳೂರು ಎಫ್‌ಸಿಯ ಸುನಿಲ್ ಛೇತ್ರಿ. ಆಗ ಅವರಿಗೆ 37 ವರ್ಷ.

ಮುಂದೆ ಆದದ್ದು ಕೇಳಿ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಆ ಏಷ್ಯಾ ಕಪ್‌ನಲ್ಲಿ ಭಾರತ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂರಕ್ಕೂ ಸೋತಿತು. ಒಂದೇ ಒಂದು ಗೋಲು ಬರಲಿಲ್ಲ.

ಛೇತ್ರಿ 2024ರ ಜೂನ್ 6ರಂದು ಕುವೈತ್ ವಿರುದ್ಧ ಆಡಿ ವಿದಾಯ ಹೇಳಿದ್ದರು. 94 ಗೋಲು ಹೊಡೆದವರ ಜಾಗಕ್ಕೆ ಯಾರೂ ಸಿಗದೆ 2025ರ ಮಾರ್ಚ್‌ನಲ್ಲಿ ಮತ್ತೆ ಅವರನ್ನೇ ಕರೆಸಬೇಕಾಯಿತು. ನಲವತ್ತು ದಾಟಿದವರು ಬಂದು, ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 95ನೇ ಗೋಲು ಹೊಡೆದರು. ಆ ಗೋಲು ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಅಷ್ಟೇ ಆತಂಕವೂ ಆಯಿತು.

ಇನ್ನು 2027ರ ಏಷ್ಯಾ ಕಪ್ ಅರ್ಹತಾ ಸುತ್ತು. ನಾಲ್ಕು ತಂಡಗಳ ಗುಂಪಿನಿಂದ ಒಂದಕ್ಕೆ ಮಾತ್ರ ಅವಕಾಶ. ಮೊದಲ ಐದು ಪಂದ್ಯಗಳಲ್ಲಿ ಭಾರತ ಗಳಿಸಿದ್ದು ಎರಡೇ ಗೋಲು, ಗೆಲುವು ಒಂದೂ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಸಿಂಗಪುರದಲ್ಲಿ ರಕ್ಷಣಾ ಆಟಗಾರ ಸಂದೇಶ್ ಝಿಂಗನ್‌ಗೆ ರೆಡ್ ಕಾರ್ಡ್ ಬಿದ್ದು ಹತ್ತೇ ಮಂದಿ ಉಳಿದರೂ ರಹೀಮ್ ಅಲಿ 90ನೇ ನಿಮಿಷದಲ್ಲಿ ಸಮ ಮಾಡಿದರು. ಐದು ದಿನ ಬಿಟ್ಟು ಮಡಗಾಂವ್‌ನಲ್ಲಿ, ಝಿಂಗನ್ ಇಲ್ಲದ ರಕ್ಷಣೆಯೊಂದಿಗೆ, ಅದೇ ಸಿಂಗಪುರಕ್ಕೆ 1–2ರಿಂದ ಸೋತು ಏಷ್ಯಾ ಕಪ್ ಕನಸು ಕೈಬಿಟ್ಟಿತು. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋಲು. ಬಾಂಗ್ಲಾ ಭಾರತವನ್ನು ಮಣಿಸಿದ್ದು 22 ವರ್ಷಗಳ ನಂತರ.

ತಂಡ ಕಟ್ಟುವುದು ಇಷ್ಟು ಕಷ್ಟವಾಗಿರುವುದೇಕೆ? ಒಂದು ಕಾರಣ ನಮ್ಮ ಕ್ಲಬ್‌ಗಳಲ್ಲೇ ಇದೆ. ಇಂಡಿಯನ್ ಸೂಪರ್ ಲೀಗ್ ಶುರುವಾದ 2014ರಿಂದ 2024–25ರವರೆಗೆ ಋತುವಿನ ಅತಿ ಹೆಚ್ಚು ಗೋಲಿನ ಗೋಲ್ಡನ್ ಬೂಟ್ ಒಬ್ಬ ಭಾರತೀಯನಿಗೂ ಸಿಕ್ಕಿಲ್ಲ. ಕ್ಲಬ್‌ಗಳು ವಿದೇಶಿಯರಿಗೆ ಹಣ ಸುರಿಯುವಾಗ ಮೊದಲು ತುಂಬುವುದು ಸೆಂಟರ್ ಫಾರ್ವರ್ಡ್ ಜಾಗವನ್ನೇ. ನಮ್ಮ ಹುಡುಗರಿಗೆ ಉಳಿಯುವುದು ಅಂಚಿನ ಜಾಗ, ಇಲ್ಲವೇ ಬೆಂಚು. ವಾರವಾರವೂ ಗೋಲಿನೆದುರು ನಿಲ್ಲದವನು ದೇಶದ ಅಂಗಿ ತೊಟ್ಟ ದಿನ ಏಕಾಏಕಿ ಗೋಲು ಹೊಡೆಯಲಿ ಎಂದರೆ ಹೇಗಾದೀತು? ಯಾವ ಕೋಚ್ ಬಂದರೂ ಈ ತೊಡಕು ಮೊದಲು ಬಿಡಿಸಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

2024–25ರಲ್ಲಿ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಯಾರು? ಮತ್ತೆ ಛೇತ್ರಿಯೇ, 14 ಗೋಲು.

ಸಾಲದ್ದಕ್ಕೆ, 2025ರಲ್ಲಿ ಲೀಗ್ ಹೊತ್ತಿಗೆ ಸರಿಯಾಗಿ ಶುರುವೇ ಆಗಲಿಲ್ಲ. ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುತ್ತಿದ್ದ ಕಂಪನಿಯ ನಡುವಿನ 15 ವರ್ಷದ ಒಪ್ಪಂದ ಮುಗಿಯಲಿತ್ತು, ಹೊಸದು ಆಗಿರಲಿಲ್ಲ. ಅಕ್ಟೋಬರ್‌ನ ಸಿಂಗಪುರ ಪಂದ್ಯಗಳಿಗೆ ನಮ್ಮವರು ಲೀಗ್‌ನಲ್ಲಿ ಒಂದೂ ಪಂದ್ಯ ಆಡದೆ ಇಳಿದರು. ಆಟ ಗೊತ್ತಿದ್ದರೂ ಮೈ ಹದಕ್ಕೆ ಬಂದಿರಬೇಕಲ್ಲ.

ಹಾಗಾದರೆ ಆಟಗಾರರನ್ನು ಹೊರಗಿನಿಂದ ಕರೆಸಬಹುದೇ? ಬೇರೆ ದೇಶಗಳಲ್ಲಿ ನೆಲೆಸಿದ ತಮ್ಮವರ ಮಕ್ಕಳನ್ನು ಹಲವು ತಂಡಗಳು ಕರೆಸಿಕೊಳ್ಳುತ್ತವೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಹಮ್ಜಾ ಚೌಧರಿ ಬಾಂಗ್ಲಾದೇಶಕ್ಕೆ ಆಡುತ್ತಾರೆ. ಭಾರತಕ್ಕೆ ಆಡಬೇಕಾದರೆ ಭಾರತದ್ದೇ ಪಾಸ್‌ಪೋರ್ಟ್ ಬೇಕು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ, ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಅಲ್ಲಿನ ಪೌರತ್ವ ಬಿಟ್ಟು 2025ರಲ್ಲಿ ಭಾರತದ ಪಾಸ್‌ಪೋರ್ಟ್ ಪಡೆದರು. ಅದನ್ನು ಅವರ ಕೈಗಿತ್ತವರು ಛೇತ್ರಿ.

ಒಮ್ಮೆ ಹಿಂದಕ್ಕೂ ತಿರುಗಿ ನೋಡೋಣ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ನಮ್ಮ ಬೆಂಗಳೂರಿನವರದು! 1948ರ ಲಂಡನ್ ಒಲಿಂಪಿಕ್ಸ್, ಎದುರಾಳಿ ಫ್ರಾನ್ಸ್. ಬಹುಪಾಲು ಬರಿಗಾಲಲ್ಲೇ ಆಡಿದ ತಂಡದಲ್ಲಿ ಸಾರಂಗಪಾಣಿ ರಾಮನ್ ಗೋಲು ಹೊಡೆದರು. ಎರಡು ಪೆನಾಲ್ಟಿ ಕೈತಪ್ಪಿ ಪಂದ್ಯ 1–2ರಿಂದ ಹೋಯಿತು. 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲೂ ಬೆಂಗಳೂರಿನ ಕೆಂಪಯ್ಯ ಇದ್ದರು.

ತಂಡದ ಜೋಡಣೆಯ ಕಗ್ಗಂಟನ್ನು ಬಿಡಿಸಿದ ಅತ್ಯುತ್ತಮ ಉದಾಹರಣೆ ಯಾವುದು? 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಎಂದು ಕಣ್ಣುಮುಚ್ಚಿ ಹೇಳಬಹುದು. ರಕ್ಷಣೆಯ ಕಂಬ ಜರ್ನೈಲ್ ಸಿಂಗ್‌ಗೆ ಥಾಯ್ಲೆಂಡ್ ವಿರುದ್ಧ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಬೇರೆ ಕೋಚ್ ಆಗಿದ್ದರೆ ಹೊರಗೆ ಕೂರಿಸುತ್ತಿದ್ದರು. ಆದರೆ ಆಗಿನ ಕೋಚ್, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ಜರ್ನೈಲ್ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿ ಮುಂದಕ್ಕೆ ಕಳಿಸಿದರು. ಸೆಮಿಫೈನಲ್‌ನಲ್ಲಿ ಗೋಲು, ಸೆಪ್ಟೆಂಬರ್ 4ರ ಫೈನಲ್‌ನಲ್ಲೂ ಗೋಲು. ಜ್ವರದಿಂದ ಏಳುತ್ತಿದ್ದ ಪೀಟರ್ ತಂಗರಾಜ್ ಅವರನ್ನೇ ಫೈನಲ್‌ಗೆ ಗೋಲ್‌ಕೀಪರ್ ಮಾಡಿದರು. ದಕ್ಷಿಣ ಕೊರಿಯಾ 1–2ರಿಂದ ಸೋತಿತು, ಚಿನ್ನ ಭಾರತಕ್ಕೆ. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ರಹೀಮ್ ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಆಮೇಲೆ ನಮಗೆ ಬಂದಿಲ್ಲ.

ಮತ್ತೆ ತೋರಣಗಲ್ಲಿಗೆ ಬರೋಣ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಬೇರೂರಿದ್ದೂ ಭಾರತ ತಂಡದ ಶಿಬಿರ ನಡೆದ ಅದೇ ಆವರಣದಲ್ಲಿ. ದೇಶದ ಮೂಲೆಮೂಲೆಯಿಂದ ಹುಡುಗರು ಇಲ್ಲಿಗೆ ಬಂದು ಕಲಿತರು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಶಾಲೆಗಳ ಮಕ್ಕಳಿಗೂ ಆ ಬಾಗಿಲು ಅಗಲವಾಗಿ ತೆರೆಯಬೇಕು.

ಕೊನೆಯದಾಗಿ ಒಂದು ಸಿಹಿ ನೆನಪು. 2023ರ ಮಾರ್ಚ್ 4ರಂದು ಕರ್ನಾಟಕ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷಗಳ ನಂತರ. ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ, ಮೇಘಾಲಯ ವಿರುದ್ಧ 3–2. ಈ ಟೂರ್ನಿಯಲ್ಲಿ ವಿದೇಶಿ ಆಟಗಾರರಿಗೆ ಜಾಗವಿಲ್ಲ. ಕರ್ನಾಟಕದ ಸುನಿಲ್ ಕುಮಾರ್, ಬೆಕೆ ಓರಮ್, ರಾಬಿನ್ ಯಾದವ್: ಮೂವರೂ ವಿರಾಮಕ್ಕೆ ಮುನ್ನವೇ ಗೋಲು ಹೊಡೆದಿದ್ದರು.