ಗುಬ್ಬಿಯ ಸಭೆ

ಗುಬ್ಬಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ವೀರಣ್ಣನವರ ರಂಗಭೂಮಿ. ಹಳೆಯ ಸಾಹಿತ್ಯವನ್ನು ಬಲ್ಲವರು ‘ಭಾವಚಿಂತಾರತ್ನ’ವನ್ನು ರಚಿಸಿದ ಗುಬ್ಬಿಯ ಮಲ್ಲಣಾರ್ಯನನ್ನೂ ಸ್ಮರಿಸಿಯಾರು. ಹಿಂದಿನ ಮೈಸೂರು ಸೀಮೆಯ ಕ್ರೈಸ್ತಸಭೆಗಳ ಚರಿತ್ರೆಯಲ್ಲಿಯೂ ಈ ಊರಿಗೆ ಗಣ್ಯವಾದ ಸ್ಥಾನವುಂಟೆಂಬುದು ಮಾತ್ರ ಹೆಚ್ಚು ಮಂದಿಗೆ ತಿಳಿಯದು.

ವೆಸ್ಲಿಯನ್ ಮಿಷನ್ನಿನವರು ಬೆಂಗಳೂರಿನಲ್ಲಿ ಕೆಲಸವನ್ನಾರಂಭಿಸಿದ್ದು ೧೮೨೦ರ ದಶಕದಲ್ಲಿ. ಆಗ ಅವರ ಸೇವೆ ದಂಡುಪ್ರದೇಶದಲ್ಲಿ, ಬಹುಮಟ್ಟಿಗೆ ತಮಿಳರ ನಡುವೆ ಸಾಗಿತ್ತು. ದಂಡಿನ ಎಲ್ಲೆಯನ್ನು ದಾಟಿ ಕನ್ನಡವಾಡುವ ಒಳನಾಡಿನಲ್ಲಿ ನೆಲೆಸಬೇಕೆಂದು ಹೊರಟವರು ಥಾಮಸ್ ಹಾಡ್ಸನ್. ೧೮೩೭ರಲ್ಲಿ ಅವರು ಆರಿಸಿಕೊಂಡ ಊರೇ ಗುಬ್ಬಿ. ಎರಡು ವರ್ಷಗಳ ತರುವಾಯ ಐರ್ಲೆಂಡಿನಿಂದ ವಿಲಿಯಂ ಆರ್ಥರ್ ಬಂದು ಅಲ್ಲಿ ಸೇರಿದರು. ಇನ್ನೂ ಇಪ್ಪತ್ತರ ಹರೆಯದ ಅವರು ಕನ್ನಡವನ್ನು ಕಲಿತು ಜನರೊಡನೆ ಬೆರೆತರು. ಆದರೆ ಕಣ್ಣಿನ ಬೇನೆ ಬಾಧಿಸಿದ್ದರಿಂದ ೧೮೪೧ರಲ್ಲಿ ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಮೈಸೂರು ಸೀಮೆಯ ತಮ್ಮ ಅನುಭವಗಳನ್ನು ಅವರು ೧೮೪೭ರಲ್ಲಿ ಇಂಗ್ಲಿಷ್ ಗ್ರಂಥವಾಗಿ ಪ್ರಕಟಿಸಿದರು.

ಬಂದವರ ಉದ್ದೇಶ ಮತಪ್ರಚಾರವೇ ಸರಿ. ಈ ನಾಡಿನ ಪೂಜೆ ಪುರಸ್ಕಾರಗಳ ವಿಷಯದಲ್ಲಿ ಅವರ ಮಾತು ಎಷ್ಟೋ ವೇಳೆ ಕಟುವಾಗಿದ್ದಿತು. ಇದನ್ನು ಮರೆಮಾಚಬೇಕಾಗಿಲ್ಲ. ಆದರೆ ಕಲಿಸಲೆಂದು ಬಂದವರು ಮೊದಲು ಕಲಿಯಬೇಕಾಯಿತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ೧೮೩೧ರ ವೇಳೆಗೆ ಇಡಿಯ ಬೈಬಲ್ಲನ್ನು ಕನ್ನಡಕ್ಕೆ ತಂದಿದ್ದರು. ಭಕ್ತಿ, ಕೃಪೆ, ಪಾಪ, ದೇವರು—ಕನ್ನಡದ ಕ್ರೈಸ್ತನು ಪ್ರಾರ್ಥನೆಯಲ್ಲಿ ಬಳಸುವ ಈ ಮಾತುಗಳು ಕಡಲಾಚೆಯಿಂದ ಬಂದವಲ್ಲ. ಶರಣರ ವಚನಗಳಲ್ಲಿ, ದಾಸರ ಪದಗಳಲ್ಲಿ ಪಳಗಿ ಹದಗೊಂಡಿದ್ದ ಮಾತುಗಳವು. ವೀರಶೈವರ ಹೆಸರಾಂತ ನೆಲೆಯಾದ ಗುಬ್ಬಿಯಲ್ಲಿ ಅವುಗಳಿಗೆ ಅರ್ಥವನ್ನು ಹೊಸದಾಗಿ ಹೇಳಿಕೊಡಬೇಕಾದ ಅಗತ್ಯವೆಲ್ಲಿತ್ತು? ಕಟ್ಟಡಕ್ಕಲ್ಲ, ಕೂಡಿದ ಜನಕ್ಕೆ ‘ಸಭೆ’ ಎಂದು ಕರೆದುದೂ ಅಚ್ಚುಕಟ್ಟಾದ ಪ್ರಯೋಗವೇ.

ಹೀಗೆ ಪಡೆದ ಸಾಲವನ್ನು ಮಿಷನ್ನಿನವರು ಒಂದಿಷ್ಟು ತೀರಿಸಿದರೆಂದೂ ಹೇಳಬೇಕು. ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯದಿಂದ ೧೮೫೮ರಲ್ಲಿ ಹೊರಬಂದದ್ದು, ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟುವನ್ನು ಡೇನಿಯಲ್ ಸ್ಯಾಂಡರ್ಸನ್ ತಿದ್ದಿ ಬೆಳೆಸಿದ ಆವೃತ್ತಿ. ಮರುವರ್ಷವೇ, ಗುಬ್ಬಿಯ ಕೆಲಸಕ್ಕೆ ನಾಂದಿ ಹಾಡಿದ ಹಾಡ್ಸನ್ನರ ಕನ್ನಡ ವ್ಯಾಕರಣ ಅಚ್ಚಾಯಿತು. ಅದಕ್ಕೂ ಮೊದಲು, ೧೮೪೯ರಲ್ಲಿ, ಜಾನ್ ಗ್ಯಾರೆಟ್ ಅವರು ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸಿದ್ದರು. ಪಾದ್ರಿಯೊಬ್ಬರು ಗೀತೆಯನ್ನು ಅಚ್ಚು ಹಾಕಿಸಿದರೆಂಬುದು ಇಂದಿನ ವಿದ್ಯಾರ್ಥಿಗಳಿಗೆ ಸೋಜಿಗವಾಗಬಹುದು.

೧೯೪೭ರ ಸೆಪ್ಟೆಂಬರ್ ೨೭ರಂದು ವೆಸ್ಲಿಯನ್ನರು, ಆಂಗ್ಲಿಕನ್ನರು, ಲಂಡನ್ ಮಿಷನ್ನಿನ ಪರಂಪರೆಯವರು ಒಂದುಗೂಡಿ ದಕ್ಷಿಣ ಭಾರತ ಸಭೆಯಾಯಿತು. ವಿದೇಶದ ಪಂಗಡಗಳ ಹೆಸರುಗಳು ಹಿಂದೆ ಸರಿದು, ಸಭೆ ಈ ನೆಲದ್ದಾಯಿತು.

ಇಲ್ಲಿಯವರೆಗೆ ನಾನು ಹೇಳಿದ ಹೆಸರುಗಳನ್ನು ಓದುಗರು ಮತ್ತೊಮ್ಮೆ ನೋಡಬೇಕು. ಹಾಡ್ಸನ್, ಆರ್ಥರ್, ಸ್ಯಾಂಡರ್ಸನ್, ಗ್ಯಾರೆಟ್. ಇವರು ಬರೆದರು, ಆದುದರಿಂದ ಉಳಿದರು. ಇವರಿಗೆ ಅಕ್ಷರ ತಿದ್ದಿಸಿದ ಮುನ್ಷಿಗಳು, ಹಳ್ಳಿಯಿಂದ ಹಳ್ಳಿಗೆ ನಡೆದ ಉಪದೇಶಿಗಳು, ನೆಂಟರಿಷ್ಟರ ಮುನಿಸನ್ನು ನುಂಗಿಕೊಂಡು ಸಭೆಗೆ ಸೇರಿದ ಹೆಂಗಸರು ಗಂಡಸರು ಯಾವ ಗ್ರಂಥವನ್ನೂ ಬರೆಯಲಿಲ್ಲ. ನಾವು ಸಭೆಯ ಚರಿತ್ರೆ ಎಂದು ಓದುತ್ತಿರುವುದು ಬಹುಪಾಲು ಬೋಧಕರ ಚರಿತ್ರೆ, ಸಭೆಯದಲ್ಲ.

ಸಭೆಯದು ಎಲ್ಲಿದೆ? ದೀಕ್ಷಾಸ್ನಾನ, ಮದುವೆ, ಸಮಾಧಿ—ಈ ಮೂರನ್ನೂ ಪುಸ್ತಕದಲ್ಲಿ ದಾಖಲು ಮಾಡುವುದು ಎಲ್ಲ ಸಭೆಗಳ ವಾಡಿಕೆ. ಒಂದು ಸಾಲಿನಲ್ಲಿ ಒಂದು ಜೀವ: ಹೆಸರು, ತಂದೆತಾಯಿಗಳು, ಊರು, ಕಸಬು. ಗೆದ್ದಲಿಗೂ ತೇವಕ್ಕೂ ಇಂಥ ಕಾಗದಗಳೆಂದರೆ ಪಕ್ಷಪಾತವಿಲ್ಲ. ನಮ್ಮ ವಿದ್ಯಾರ್ಥಿಗಳು ಶಾಸನಗಳನ್ನು ಓದಲು ಕಲ್ಲನ್ನು ತೊಳೆದು ನಿಲ್ಲುತ್ತಾರೆ. ಅದೇ ಶ್ರದ್ಧೆಯಿಂದ ಗುಬ್ಬಿ, ತುಮಕೂರು, ಕುಣಿಗಲ್ಲುಗಳ ಚರ್ಚಿನ ಬಾಗಿಲನ್ನೂ ತಟ್ಟಿ, ಸಭಾಪಾಲಕರ ಅನುಮತಿ ಪಡೆದು, ಆ ಸಾಲುಗಳನ್ನು ಪ್ರತಿ ಮಾಡಿಕೊಳ್ಳಬಾರದೆ? ಕೊತ್ತಗೆರೆಯಂಥ ಊರಿನಿಂದ ಬಂದ ಹುಡುಗನಿಗೆ ತನ್ನ ನೆರೆಯವರ ಹಿರಿಯರು ಯಾರೆಂದು ಅಲ್ಲಿ ತಿಳಿದೀತು. ಸಣ್ಣ ಊರಿನ ಸಣ್ಣ ಸಭೆಯಾದರೂ ಅದು ಕನ್ನಡದಲ್ಲಿ ಹುಟ್ಟಿ, ಕನ್ನಡದಲ್ಲಿ ಮದುವೆಯಾಗಿ, ಕನ್ನಡದಲ್ಲಿಯೇ ಮಣ್ಣಾದವರ ಕಥೆ. ಅದನ್ನು ಉಳಿಸಿಕೊಳ್ಳುವ ಹೊಣೆ ಕ್ರೈಸ್ತರೊಬ್ಬರದೇ ಅಲ್ಲ.